ಎದೆಯಲ್ಲಿ ರೋಗ, ಲಕ್ಷಣ ಇನ್ನೆಲ್ಲೋ!

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ನಿಮಗೆ ನೆನಪಾಗುವುದೇನು? ಬಿಡದೆ ಕಾಡುವ ಕೆಮ್ಮು, ಕಫದಲ್ಲಿ ರಕ್ತ, ಏದುಸಿರು, ಎದೆನೋವು, ದಿನದಿಂದ ದಿನಕ್ಕೆ ಸೊರಗುವ ದೇಹ. ಇವೆಲ್ಲ ಆ ಕಾಯಿಲೆಯ ಲಕ್ಷಣಗಳೇ, ಸಂಶಯವಿಲ್ಲ. ಆದರೆ ಕೆಲವು ರೋಗಿಗಳಲ್ಲಿ ಎದೆಗೆ ಸಂಬಂಧವೇ ಇಲ್ಲವೆನಿಸುವ ತೊಂದರೆಗಳು ಮೊದಲು ಕಾಣಿಸಿಕೊಳ್ಳುತ್ತವೆ. ಒಬ್ಬರಿಗೆ ಬುದ್ಧಿ ಮಂಕಾಗುತ್ತದೆ. ಇನ್ನೊಬ್ಬರಿಗೆ ತಡೆಯಲಾರದ ಬಾಯಾರಿಕೆ, ಮಲಬದ್ಧತೆ. ಮತ್ತೊಬ್ಬರಿಗೆ ಕುಳಿತಲ್ಲಿಂದ ಏಳಲಾರದಷ್ಟು ತೊಡೆಗಳ ನಿತ್ರಾಣ. ಮನೆಯವರು ತಲೆಗೆ, ಹೊಟ್ಟೆಗೆ, ಕಾಲಿಗೆ ಔಷಧಿ ಹುಡುಕುತ್ತಾರೆ. ಮೂಲ ಮಾತ್ರ ಶ್ವಾಸಕೋಶದಲ್ಲಿ ಅಡಗಿ ಕುಳಿತಿರುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಒಂದು ಊರು. ಅಲ್ಲಿ ಅರವತ್ತು ದಾಟಿದ ಒಬ್ಬ ಶೇಂಗಾ ಬೆಳೆಗಾರ. ಹದಿನೆಂಟರ ಹರೆಯದಿಂದ ಬೀಡಿ ಸೇದಿದವರು. ಕೆಮ್ಮು ಹಳೆಯ ನೆಂಟನಂತೆ ಜೊತೆಗೇ ಇದೆ, ಅದರ ಬಗ್ಗೆ ಯಾರಿಗೂ ಗಮನವಿಲ್ಲ. ಎರಡು ಮೂರು ವಾರಗಳಿಂದ ಊಟ ಸೇರುತ್ತಿಲ್ಲ, ಓಕರಿಕೆ, ತಲೆನೋವು. ಮೊಮ್ಮಗನನ್ನು ಮಗನ ಹೆಸರು ಹಿಡಿದು ಕರೆಯುತ್ತಾರೆ. ರಾತ್ರಿ ಎದ್ದು ಹೊಲಕ್ಕೆ ಹೊರಡುತ್ತಾರೆ. ‘ವಯಸ್ಸಾಯಿತು, ಅರಳು ಮರಳು’ ಎನ್ನುತ್ತಾನೆ ಮಗ. ‘ಗಾಳಿ ಸೋಕಿದೆ’ ಎನ್ನುತ್ತಾರೆ ನೆರೆಯವರು. ‘ಬಿಸಿಲಿನ ತಾಪ, ನಿತ್ರಾಣ, ಒಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ ಇನ್ನೊಬ್ಬರು. ಬಾಟಲಿ ಏರಿಸುತ್ತಾರೆ. ಮರುದಿನ ಅಜ್ಜನಿಗೆ ಫಿಟ್ಸ್ ಬರುತ್ತದೆ.

ಇಲ್ಲಿ ನಡೆದಿರಬಹುದಾದದ್ದೇನು? ಅದನ್ನು ತಿಳಿಯಲು ಹಾರ್ಮೋನುಗಳ ಕೆಲಸವನ್ನು ಸ್ವಲ್ಪ ಅರಿಯಬೇಕು.

ಸುಳ್ಳು ಸಂದೇಶ ಹೊರಡಿಸುವ ಗಡ್ಡೆ

ನಮ್ಮ ದೇಹದಲ್ಲಿ ಪಿಟ್ಯುಟರಿ, ಥೈರಾಯ್ಡ್, ಪ್ಯಾರಾಥೈರಾಯ್ಡ್, ಅಡ್ರಿನಲ್ ಮುಂತಾದ ನಿರ್ನಾಳ ಗ್ರಂಥಿಗಳಿವೆ. ಇವು ತಯಾರಿಸುವ ರಾಸಾಯನಿಕಗಳೇ ಹಾರ್ಮೋನುಗಳು. ಇವು ರಕ್ತದಲ್ಲಿ ಹರಿದು ದೂರದ ಅಂಗಗಳಿಗೆ ಸಂದೇಶ ಮುಟ್ಟಿಸುತ್ತವೆ: ನೀರು ಉಳಿಸು, ಸಕ್ಕರೆ ಬಿಡುಗಡೆ ಮಾಡು, ಮೂಳೆಯಿಂದ ಸುಣ್ಣದ ಅಂಶ ತೆಗೆ, ಹೀಗೆ. ಸಾಕಷ್ಟು ಕೆಲಸವಾದ ಕೂಡಲೇ ಗ್ರಂಥಿಗೆ ‘ಸಾಕು’ ಎಂಬ ಸೂಚನೆ ಮರಳಿ ಬರುತ್ತದೆ, ಹಾರ್ಮೋನಿನ ಉತ್ಪಾದನೆ ತಗ್ಗುತ್ತದೆ. ಈ ಲಗಾಮು ಇರುವುದರಿಂದಲೇ ನಾವು ಆರೋಗ್ಯವಾಗಿರುತ್ತೇವೆ.

ದೇಹದ ಪ್ರತಿಯೊಂದು ಜೀವಕೋಶದಲ್ಲೂ ಎಲ್ಲ ಹಾರ್ಮೋನುಗಳನ್ನು ತಯಾರಿಸುವ ವಂಶವಾಹಿ ಮಾಹಿತಿ ಇರುತ್ತದೆ. ಆದರೆ ಆಯಾ ಕೋಶ ತನಗೆ ಬೇಕಾದ ಪುಟವನ್ನು ಮಾತ್ರ ತೆರೆದುಕೊಂಡು, ಉಳಿದವನ್ನು ಮುಚ್ಚಿಟ್ಟಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಈ ಶಿಸ್ತು ತಪ್ಪುತ್ತದೆ. ಮುಚ್ಚಿದ ಪುಟಗಳು ತೆರೆದುಕೊಳ್ಳುತ್ತವೆ. ಆಗ ಶ್ವಾಸಕೋಶದ ಗಡ್ಡೆ ತನ್ನದಲ್ಲದ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ‘ಸಾಕು’ ಎಂಬ ಸೂಚನೆಗೆ ಅದು ಕಿವಿಗೊಡುವುದಿಲ್ಲ. ದೂರದ ಮೂತ್ರಪಿಂಡಕ್ಕೆ, ಮೂಳೆಗೆ, ಅಡ್ರಿನಲ್ ಗ್ರಂಥಿಗೆ ಈ ಸಂದೇಶ ಸುಳ್ಳು ಎಂದು ಗೊತ್ತಾಗುವುದಿಲ್ಲ. ಅವು ನಿಷ್ಠೆಯಿಂದ ಪಾಲಿಸುತ್ತವೆ.

ಗಡ್ಡೆ ಒತ್ತಿದ್ದರಿಂದಾಗಲಿ ಬೇರೆ ಅಂಗಕ್ಕೆ ಹರಡಿದ್ದರಿಂದಾಗಲಿ ಅಲ್ಲದೆ, ಹೀಗೆ ಅದು ಹೊರಡಿಸುವ ರಾಸಾಯನಿಕಗಳಿಂದ ಅಥವಾ ಅದು ಕೆರಳಿಸುವ ರೋಗನಿರೋಧಕ ವ್ಯವಸ್ಥೆಯಿಂದ ಉಂಟಾಗುವ ಲಕ್ಷಣಗಳ ಗುಂಪಿಗೆ ವೈದ್ಯರು ‘ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್’ ಎನ್ನುತ್ತಾರೆ. ಶ್ವಾಸಕೋಶ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಸುಮಾರು ಹತ್ತು ಮಂದಿಯಲ್ಲಿ ಇಂಥದ್ದು ಕಾಣಬಹುದು. ಅವುಗಳಲ್ಲಿ ಹಾರ್ಮೋನಿಗೆ ಸಂಬಂಧಿಸಿದ ಮೂರು ಮುಖ್ಯವಾದವು.

ನೀರು ಉಳಿದು ಉಪ್ಪು ತೆಳುವಾದಾಗ

ಮೊದಲನೆಯದು ನಮ್ಮ ಉದಾಹರಣೆಯ ಅಜ್ಜನ ಕಥೆ. ಮೂತ್ರದಲ್ಲಿ ನೀರು ಹೆಚ್ಚು ಹೋಗದಂತೆ ತಡೆಯುವ ಒಂದು ಹಾರ್ಮೋನು ಇದೆ. ಅದರ ಹೆಸರು ವಾಸೊಪ್ರೆಸಿನ್. ಬಿಸಿಲಲ್ಲಿ ಬೆವರಿ ಬಾಯಾರಿದಾಗ ಇದು ಹೆಚ್ಚು ಸ್ರವಿಸಿ ದೇಹದ ನೀರನ್ನು ಕಾಪಾಡುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯ ರೈತನಿಗೆ ಬೇಸಿಗೆಯಲ್ಲಿ ಈ ಹಾರ್ಮೋನಿನ ಉಪಕಾರ ಚಿಕ್ಕದಲ್ಲ.

ಶ್ವಾಸಕೋಶದ ಗಡ್ಡೆ ಇದನ್ನೇ ಹಗಲಿರುಳು ಸುರಿಸತೊಡಗಿದರೆ? ಕುಡಿದ ನೀರು ಹೊರಹೋಗದೆ ಉಳಿಯುತ್ತದೆ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳುವಾಗುತ್ತದೆ. ರಕ್ತದಲ್ಲಿ ಸೋಡಿಯಂ ಪ್ರಮಾಣ ಲೀಟರಿಗೆ 135ರಿಂದ 145 ಮಿಲಿ ಈಕ್ವಿವಲೆಂಟ್ ಇರಬೇಕು. ಅದು 125, 120, 115 ಹೀಗೆ ಇಳಿಯತೊಡಗಿದಾಗ ಮಿದುಳಿನ ಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ. ಓಕರಿಕೆ, ತಲೆನೋವು, ಮಂಕು, ಗೊಂದಲ, ಕೊನೆಗೆ ಫಿಟ್ಸ್ ಮತ್ತು ಪ್ರಜ್ಞಾಹೀನತೆ ಬರುತ್ತವೆ. ಕಾಲು ಊದುವುದಿಲ್ಲವಾದ್ದರಿಂದ ದೇಹದಲ್ಲಿ ನೀರು ಹೆಚ್ಚಾಗಿದೆ ಎಂದು ಹೊರಗಿನಿಂದ ತಿಳಿಯುವುದೂ ಇಲ್ಲ.

ಇದನ್ನು 1957ರಲ್ಲಿ ಅಮೆರಿಕದ ವೈದ್ಯರಾದ ವಿಲಿಯಂ ಶ್ವಾರ್ಟ್ಜ್, ಫ್ರೆಡರಿಕ್ ಬಾರ್ಟರ್ ಮತ್ತು ಸಂಗಡಿಗರು ಇಬ್ಬರು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಗುರುತಿಸಿ ವಿವರಿಸಿದರು. ಬೀಡಿ, ಸಿಗರೇಟಿನ ನಂಟು ಅತಿ ಹೆಚ್ಚಾಗಿರುವ ‘ಸ್ಮಾಲ್ ಸೆಲ್’ ಎಂಬ ಬಗೆಯ ಕ್ಯಾನ್ಸರಿನಲ್ಲಿ ಇದು ಹೆಚ್ಚು. ಆ ಬಗೆಯ ನೂರು ರೋಗಿಗಳಲ್ಲಿ ಹತ್ತರಿಂದ ಹದಿನೈದು ಮಂದಿಗೆ ಈ ತೊಂದರೆ ಇರುತ್ತದೆ.

ಈಗ ಗ್ಲೂಕೋಸ್ ಬಾಟಲಿಯ ವಿಚಾರ. ಬಾಟಲಿಯಲ್ಲಿರುವುದು ನೀರು ಮತ್ತು ಸ್ವಲ್ಪ ಸಕ್ಕರೆ. ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಮೊದಲೇ ತೆಳುವಾದ ರಕ್ತ ಇನ್ನಷ್ಟು ತೆಳುವಾಗುತ್ತದೆ. ಸಾಮಾನ್ಯ ಸಲೈನ್ ಕೂಡ ಇಲ್ಲಿ ಕೆಲವೊಮ್ಮೆ ಸೋಡಿಯಂ ಅನ್ನು ಮತ್ತಷ್ಟು ಇಳಿಸಬಲ್ಲದು. ಈ ರೋಗಿಗೆ ಮೊದಲ ಚಿಕಿತ್ಸೆ ನೀರನ್ನು ಮಿತಗೊಳಿಸುವುದು. ದಿನಕ್ಕೆ ಇಷ್ಟೇ, ಹಲವೊಮ್ಮೆ ಒಂದು ಲೀಟರಿಗಿಂತ ಕಡಿಮೆ, ಎಂದು ವೈದ್ಯರು ಅಳೆದು ಹೇಳುತ್ತಾರೆ. ಫಿಟ್ಸ್ ಬಂದವರಿಗೆ ಆಸ್ಪತ್ರೆಯಲ್ಲಿ ಹೆಚ್ಚು ಸಾಂದ್ರತೆಯ ಉಪ್ಪಿನ ದ್ರಾವಣವನ್ನು ಪದೇ ಪದೇ ರಕ್ತ ಪರೀಕ್ಷಿಸುತ್ತ ನಿಧಾನವಾಗಿ ಕೊಡುತ್ತಾರೆ. ಅವಸರದಿಂದ ಸೋಡಿಯಂ ಏರಿಸಿದರೂ ಮಿದುಳಿಗೆ ಹಾನಿ. ಆದ್ದರಿಂದ ‘ಉಪ್ಪು ಕಡಿಮೆಯಾಗಿದೆಯಂತೆ’ ಎಂದು ಮನೆಯಲ್ಲೇ ಉಪ್ಪು ನೀರು ಕುಡಿಸುವ ಸಾಹಸ ಬೇಡ.

ಸುಣ್ಣದ ಅಂಶ ಏರಿದಾಗ

ಎರಡನೆಯದರ ಚಿತ್ರವೇ ಬೇರೆ. ಇಲ್ಲಿ ರೋಗಿಗೆ ವಿಪರೀತ ಬಾಯಾರಿಕೆ. ಕೊಡಗಟ್ಟಲೆ ನೀರು ಕುಡಿದರೂ ಸಾಲದು, ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕು. ಜೊತೆಗೆ ಮಲಬದ್ಧತೆ, ಹೊಟ್ಟೆ ತೊಳಸುವಿಕೆ, ಸುಸ್ತು, ತೂಕಡಿಕೆ. ‘ಸಕ್ಕರೆ ಕಾಯಿಲೆ ಇರಬೇಕು’ ಎಂದು ಯಾರಿಗಾದರೂ ಅನ್ನಿಸುತ್ತದೆ. ರಕ್ತದಲ್ಲಿ ಸಕ್ಕರೆ ನೋಡಿದರೆ ಸರಿಯಾಗಿಯೇ ಇದೆ! ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ.

ನೋಡಬೇಕಾದದ್ದು ಕ್ಯಾಲ್ಸಿಯಂ. ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಶ್ವಾಸಕೋಶದ ಕೆಲವು ಗಡ್ಡೆಗಳು, ವಿಶೇಷವಾಗಿ ‘ಸ್ಕ್ವಾಮಸ್’ ಬಗೆಯವು, ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಬಹುವಾಗಿ ಹೋಲುವ ಒಂದು ಪ್ರೋಟೀನನ್ನು ತಯಾರಿಸುತ್ತವೆ. ಇಂಥದ್ದೊಂದು ವಸ್ತು ಇರಬೇಕೆಂಬ ಊಹೆ 1940ರ ದಶಕದಲ್ಲೇ ಇದ್ದರೂ ಅದು ಕೈಗೆ ಸಿಕ್ಕಿದ್ದು 1987ರಲ್ಲಿ. ಈ ಪ್ರೋಟೀನು ಮೂಳೆಗಳಿಂದ ಸುಣ್ಣದ ಅಂಶವನ್ನು ಹೊರತೆಗೆಸಿ ರಕ್ತಕ್ಕೆ ತುಂಬುತ್ತದೆ. ಮೂತ್ರದಲ್ಲಿ ಅದು ಹೊರಹೋಗದಂತೆಯೂ ತಡೆಯುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಕ್ಯಾಲ್ಸಿಯಂ ಏರಬಹುದು. ಹೇಗೇ ಏರಲಿ, ಮಿತಿ ಮೀರಿದರೆ ಮೂತ್ರಪಿಂಡ ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ, ರೋಗಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ.

ಗಮನಿಸಿ, ಇಲ್ಲಿ ಚಿಕಿತ್ಸೆ ಮೊದಲಿನದಕ್ಕೆ ತೀರಾ ವಿರುದ್ಧ! ಈ ರೋಗಿಗೆ ನೀರು ಬೇಕು. ರಕ್ತನಾಳದ ಮೂಲಕ ಸಲೈನ್ ಕೊಟ್ಟು, ಮೂಳೆಯಿಂದ ಸುಣ್ಣ ಸೋರದಂತೆ ತಡೆಯುವ ಜೋಲೆಡ್ರೋನಿಕ್ ಆಸಿಡ್‌ನಂಥ ಚುಚ್ಚುಮದ್ದು ನೀಡುತ್ತಾರೆ. ಕೆಲವೇ ದಿನಗಳಲ್ಲಿ ಮಂಕು ಕವಿದ ರೋಗಿ ಎದ್ದು ಕುಳಿತು ಮನೆಯವರನ್ನು ಗುರುತಿಸಿ ಮಾತನಾಡುವಂತಾಗಬಹುದು. ಬಾಯಾರಿದವರಿಗೆ ನೀರು ಬಿಗಿ ಹಿಡಿಯುವುದು ಇಲ್ಲಿ ಅಪಾಯ.

ಇನ್ನೊಂದು ಎಚ್ಚರಿಕೆ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮೂಳೆನೋವು, ಕೀಲುನೋವು ಎಂದರೆ ‘ನೀರಿನ ದೋಷ’ ಎಂದು ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ‘ಡಿ’ ತಂದು ನುಂಗುವ ರೂಢಿ ಸಾಮಾನ್ಯ. ಬಾಯಾರಿಕೆ, ಮಲಬದ್ಧತೆ, ತೂಕಡಿಕೆ ಇರುವ ಹಿರಿಯರಿಗೆ ರಕ್ತ ಪರೀಕ್ಷಿಸದೆ ಇವನ್ನು ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ.

ತೊಡೆಗಳ ಬಲ ಹೋದಾಗ

ಮೂರನೆಯದು ಅಪರೂಪ, ಆದರೆ ಉಗ್ರ. ಪಿಟ್ಯುಟರಿ ಗ್ರಂಥಿ ‘ಎ.ಸಿ.ಟಿ.ಎಚ್.’ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಸ್ರವಿಸುವಂತೆ ಮಾಡುತ್ತದೆ. ಕಾರ್ಟಿಸಾಲ್ ಎಂದರೆ ದೇಹವೇ ತಯಾರಿಸುವ ಸ್ಟಿರಾಯ್ಡ್. ಸ್ಮಾಲ್ ಸೆಲ್ ಕ್ಯಾನ್ಸರಿನ ಕೆಲವು ಗಡ್ಡೆಗಳು ಈ ‘ಎ.ಸಿ.ಟಿ.ಎಚ್.’ ಅನ್ನು ತಾವೇ ತಯಾರಿಸುತ್ತವೆ. ಕಾರ್ಟಿಸಾಲ್ ಮಿತಿಮೀರಿ ಏರುತ್ತದೆ.

ಸ್ಟಿರಾಯ್ಡ್ ಹೆಚ್ಚಾದರೆ ಮುಖ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ನೀವು ಕೇಳಿರಬಹುದು. ಈ ಕ್ಯಾನ್ಸರಿನಲ್ಲಿ ರೋಗ ವೇಗವಾಗಿ ಬೆಳೆಯುವುದರಿಂದ ಅದಕ್ಕೆಲ್ಲ ಸಮಯವೇ ಇರುವುದಿಲ್ಲ. ಬದಲಿಗೆ ಕೆಲವೇ ವಾರಗಳಲ್ಲಿ ತೊಡೆಗಳ ಸ್ನಾಯು ಕರಗಿ, ನೆಲದಲ್ಲಿ ಕುಳಿತು ಊಟ ಮಾಡಿದವರು ಏಳಲು ಕೈ ಊರಬೇಕಾಗುತ್ತದೆ. ಕಾಲು ಊದಬಹುದು, ಚರ್ಮ ಕಪ್ಪಾಗಬಹುದು. ಎಂದೂ ಇಲ್ಲದ ರಕ್ತದೊತ್ತಡ, ಎಂದೂ ಇಲ್ಲದ ಸಕ್ಕರೆ ಕಾಯಿಲೆ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಇಳಿದಿರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿ ಸಣ್ಣ ಸೋಂಕೂ ಪ್ರಾಣಾಂತಿಕವಾಗಬಹುದು. ಆದ್ದರಿಂದ ಕ್ಯಾನ್ಸರಿಗೆ ಔಷಧಿ ಆರಂಭಿಸುವ ಮೊದಲು ಅಥವಾ ಅದರ ಜೊತೆಗೇ ಕಾರ್ಟಿಸಾಲ್ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ.

ಇವಲ್ಲದೆ ಕೆಲವು ಗಡ್ಡೆಗಳು ಗರ್ಭಿಣಿಯರಲ್ಲಿ ಕಾಣುವ ಎಚ್.ಸಿ.ಜಿ. ಹಾರ್ಮೋನನ್ನು ಸ್ರವಿಸಿ ಗಂಡಸರಲ್ಲಿ ಸ್ತನಗಳು ನೋವಿನೊಂದಿಗೆ ಊದುವಂತೆ ಮಾಡುವುದೂ ಉಂಟು. ನಾಚಿಕೆಯಿಂದ ಇದನ್ನು ಮುಚ್ಚಿಡಬಾರದು.

ಬೆರಳ ತುದಿಯನ್ನು ನೋಡಿಕೊಳ್ಳಿ

ಹಾರ್ಮೋನಿನ ನೇರ ಪರಿಣಾಮ ಅಲ್ಲದಿದ್ದರೂ ಇದೇ ಸಂಸಾರಕ್ಕೆ ಸೇರಿದ ಇನ್ನೊಂದು ಲಕ್ಷಣ ಬೆರಳಿನಲ್ಲಿ ಕಾಣುತ್ತದೆ. ಬೆರಳ ತುದಿ ಊದಿ, ಉಗುರು ಗಿಣಿಯ ಕೊಕ್ಕಿನಂತೆ ಬಾಗುತ್ತದೆ. ಕೆಲವರಿಗೆ ಮಣಿಕಟ್ಟು, ಹರಡುಗಳಲ್ಲಿ ನೋವೂ ಇರುತ್ತದೆ. ಅದನ್ನು ಸಂಧಿವಾತವೆಂದು ತಿಳಿಯುವವರೇ ಹೆಚ್ಚು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎರಡೂ ಕೈಗಳ ತೋರುಬೆರಳುಗಳ ಉಗುರುಗಳನ್ನು ಒಂದಕ್ಕೊಂದು ಎದುರಾಗಿ ಒತ್ತಿ ಹಿಡಿದು ಬೆಳಕಿಗೆ ನೋಡಿ. ಉಗುರುಗಳ ಬುಡದಲ್ಲಿ ವಜ್ರದಾಕಾರದ ಪುಟ್ಟ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿದ್ದರೆ ಬೆರಳು ಊದಿದೆ ಎಂದರ್ಥ. ದಕ್ಷಿಣ ಆಫ್ರಿಕಾದ ಹೃದಯತಜ್ಞ ಲಿಯೋ ಶಾಮ್ರೋತ್ ತಮಗೇ ಕಾಯಿಲೆಯಾಗಿದ್ದಾಗ ತಮ್ಮ ಬೆರಳುಗಳಲ್ಲಿ ಕಂಡು 1976ರಲ್ಲಿ ಬರೆದ ಪರೀಕ್ಷೆ ಇದು. ಹುಟ್ಟಿನಿಂದ ಬಂದ ಹೃದಯದ ದೋಷ, ಶ್ವಾಸಕೋಶದ ಹಳೆಯ ಕೀವು, ಯಕೃತ್ತಿನ ಕಾಯಿಲೆಗಳಲ್ಲೂ ಹೀಗಾಗಬಹುದು. ಕ್ಯಾನ್ಸರೇ ಎಂದು ಗಾಬರಿಯಾಗಬೇಡಿ. ಆದರೆ ಧೂಮಪಾನಿಯಲ್ಲಿ ಹೊಸದಾಗಿ ಹೀಗಾದರೆ ಎದೆಯ ಎಕ್ಸ್-ರೇ ತೆಗೆಸಲೇಬೇಕು.

ಯಾವ ಪರೀಕ್ಷೆ, ಎಲ್ಲಿ?

ಸೋಡಿಯಂ ಕಡಿಮೆಯಾದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ವಾಂತಿ-ಭೇದಿ, ನ್ಯುಮೋನಿಯಾ, ಕ್ಷಯ, ಹೃದಯ ಮತ್ತು ಮೂತ್ರಪಿಂಡದ ದೌರ್ಬಲ್ಯದಿಂದಲೂ ಅದು ಇಳಿಯುತ್ತದೆ. ಕ್ಯಾಲ್ಸಿಯಂ ಏರಲು ಪ್ಯಾರಾಥೈರಾಯ್ಡ್ ಗ್ರಂಥಿಯ ನಿರಪಾಯಕಾರಿ ಗಂತಿಯೂ ಕಾರಣವಿರಬಹುದು. ಕಾರಣ ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ಪರೀಕ್ಷೆಗೆ ಕರೆದೊಯ್ಯುವುದು ನಿಮ್ಮ ಕೆಲಸ.

ಅದೃಷ್ಟವಶಾತ್ ಮೊದಲ ಪರೀಕ್ಷೆಗಳು ಸರಳ. ತೋಳಿನಿಂದ ತೆಗೆದ ಸ್ವಲ್ಪ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಕ್ಕರೆ, ಕ್ರಿಯಾಟಿನಿನ್ ನೋಡಬಹುದು. ಜೊತೆಗೆ ಎದೆಯ ಒಂದು ಎಕ್ಸ್-ರೇ. ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲವೂ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ‘ಬೀಡಿ ಇಷ್ಟು ವರ್ಷ ಸೇದಿದ್ದಾರೆ, ಮಂಕು ಇಷ್ಟು ದಿನದಿಂದ ಇದೆ’ ಎಂದು ವೈದ್ಯರಿಗೆ ತಪ್ಪದೆ ತಿಳಿಸಿ. ಈ ಎರಡು ಸಂಗತಿಗಳನ್ನು ಜೋಡಿಸಿ ಹೇಳದಿದ್ದರೆ ಎದೆಯ ಕಡೆಗೆ ಯಾರ ಗಮನವೂ ಹರಿಯದೆ ಹೋಗಬಹುದು.

ಎಕ್ಸ್-ರೇಯಲ್ಲಿ ನೆರಳು ಕಂಡ ಕೂಡಲೇ ‘ಟಿ.ಬಿ. ಇರಬೇಕು’ ಎಂದು ತೀರ್ಮಾನಿಸುವುದು ನಮ್ಮ ದೇಶದಲ್ಲಿ ಸಾಮಾನ್ಯ. ಟಿ.ಬಿ. ಇಲ್ಲಿ ಹೆಚ್ಚಾಗಿರುವುದರಿಂದ ಆ ಸಂಶಯ ತಪ್ಪಲ್ಲ. ಆದರೆ ಕಫ ಪರೀಕ್ಷೆಯಿಂದ ಅದು ಖಚಿತವಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ. ಕಫದಲ್ಲಿ ರೋಗಾಣು ಸಿಗದೆ, ಟಿ.ಬಿ. ಮಾತ್ರೆ ನುಂಗಿಯೂ ನೆರಳು ಕರಗದಿದ್ದರೆ ಸುಮ್ಮನೆ ತಿಂಗಳುಗಳನ್ನು ಕಳೆಯಬೇಡಿ. ಸಿ.ಟಿ. ಸ್ಕ್ಯಾನ್ ಮತ್ತು ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಈ ಕಾಯಿಲೆಗೆ ಹೆಸರಾದ ಸರ್ಕಾರಿ ಸಂಸ್ಥೆ. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಗಳಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುತ್ತದೆ. ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ಎಕ್ಸ್-ರೇಗಳನ್ನು ಜೊತೆಗಿಟ್ಟುಕೊಳ್ಳಿ. ಇನ್ನೂರು ಕಿಲೋಮೀಟರು ಪ್ರಯಾಣ ಮಾಡಿ ಒಂದು ಕಾಗದಕ್ಕಾಗಿ ಹಿಂದಿರುಗುವಂತಾಗಬಾರದು.

ಗುಣವಾಗುತ್ತದೆಯೆ?

ನೇರವಾಗಿ ಹೇಳುವುದೇ ಒಳ್ಳೆಯದು. ಶ್ವಾಸಕೋಶದ ಕ್ಯಾನ್ಸರ್ ಬಹಳ ಮಂದಿಯಲ್ಲಿ ತಡವಾಗಿಯೇ ಪತ್ತೆಯಾಗುತ್ತದೆ. ಆಗ ಸಂಪೂರ್ಣ ಗುಣ ಕಷ್ಟ. ಬೇಗ ಸಿಕ್ಕ ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಸ್ಮಾಲ್ ಸೆಲ್ ಬಗೆ ಔಷಧಿ ಮತ್ತು ವಿಕಿರಣ ಚಿಕಿತ್ಸೆಗೆ ಮೊದಲು ಚೆನ್ನಾಗಿ ಬಗ್ಗುತ್ತದೆ, ಆದರೆ ಮರುಕಳಿಸುವ ಸ್ವಭಾವ ಅದಕ್ಕಿದೆ.

ಹಾಗಿದ್ದ ಮೇಲೆ ಸೋಡಿಯಂ, ಕ್ಯಾಲ್ಸಿಯಂ ಎಂದು ಹುಡುಕಿ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ಬಹಳ. ಮೊದಲನೆಯದಾಗಿ, ಈ ಲಕ್ಷಣಗಳು ಕೆಲವೊಮ್ಮೆ ಕೆಮ್ಮು, ರಕ್ತಕ್ಕಿಂತ ಮುಂಚೆಯೇ ಬರುವುದರಿಂದ ಗಡ್ಡೆಯ ಸುಳಿವು ಬೇಗ ಸಿಗಬಹುದು. ಎರಡನೆಯದಾಗಿ, ಮಂಕು ಕವಿದು ಹಾಸಿಗೆ ಹಿಡಿದ ರೋಗಿಯನ್ನು ನೋಡಿ ‘ಕ್ಯಾನ್ಸರ್ ಮಿದುಳಿಗೆ ಏರಿದೆ, ಇನ್ನೇನೂ ಉಳಿದಿಲ್ಲ’ ಎಂದು ಮನೆಯವರು ಕೈಚೆಲ್ಲುತ್ತಾರೆ. ಆ ಮಂಕಿಗೆ ಕಾರಣ ಸೋಡಿಯಂ ಅಥವಾ ಕ್ಯಾಲ್ಸಿಯಂ ಆಗಿದ್ದರೆ ಅದನ್ನು ಸರಿಪಡಿಸಬಹುದು. ಮನಸ್ಸು ತಿಳಿಯಾದ ಹಿರಿಯರು ತಮ್ಮ ಚಿಕಿತ್ಸೆಯ ಬಗ್ಗೆ, ಹೊಲ-ಮನೆಯ ಬಗ್ಗೆ ತಾವೇ ಮಾತನಾಡಬಲ್ಲರು. ಕ್ಯಾನ್ಸರಿನ ಚಿಕಿತ್ಸೆ ತಾಳಿಕೊಳ್ಳುವ ಶಕ್ತಿಯೂ ಬರುತ್ತದೆ. ಗಡ್ಡೆ ಕುಗ್ಗಿದಂತೆ ಹಾರ್ಮೋನಿನ ಹಾವಳಿಯೂ ಇಳಿಯುತ್ತದೆ. ಸರಿಹೋದ ಸೋಡಿಯಂ ಮತ್ತೆ ಇಳಿದರೆ ಗಡ್ಡೆ ಮರುಕಳಿಸಿದೆಯೇ ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ.

ಬೀಡಿಯ ಮಾತು

‘ಸಿಗರೇಟಿಗಿಂತ ಬೀಡಿ ವಾಸಿ, ಅದು ಎಲೆಯಷ್ಟೆ’ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಇದು ಸುಳ್ಳು. ಬೀಡಿಗೆ ಫಿಲ್ಟರ್ ಇಲ್ಲ. ಆರಿಹೋಗದಂತೆ ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಹೊಗೆಯ ಟಾರು ಅಷ್ಟೂ ಎದೆಗೆ ಇಳಿಯುತ್ತದೆ. ಧೂಮಪಾನ ಮಾಡದವರಿಗೂ, ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದುಂಟು. ಆದರೆ ಸ್ಮಾಲ್ ಸೆಲ್ ಬಗೆ ಹೆಚ್ಚುಕಡಿಮೆ ಸೇದುವವರ ಸ್ವತ್ತು. ಬಿಡಲು ಎಂದೂ ತಡವಾಗಿಲ್ಲ. ಬಿಟ್ಟ ದಿನದಿಂದಲೇ ಲಾಭ ಆರಂಭ. ಬಿಡಲು ನೆರವು ಬೇಕಾದವರು ರಾಷ್ಟ್ರೀಯ ತಂಬಾಕು ತ್ಯಜಿಸುವ ಉಚಿತ ದೂರವಾಣಿ 1800-11-2356ಕ್ಕೆ ಕರೆ ಮಾಡಬಹುದು.

ಮನೆಯವರು ಗಮನದಲ್ಲಿಡಬೇಕಾದದ್ದು

* ಧೂಮಪಾನದ ಚರಿತ್ರೆ ಇರುವ ಹಿರಿಯರಲ್ಲಿ ಕೆಲವು ದಿನ, ವಾರಗಳಲ್ಲೇ ಹೊಸದಾಗಿ ಬಂದ ಮಂಕು, ಗೊಂದಲವನ್ನು ವಯಸ್ಸಿನ ಖಾತೆಗೆ ಬರೆಯಬೇಡಿ. ಮುಪ್ಪಿನ ಮರೆವು ನಿಧಾನವಾಗಿ ಬರುತ್ತದೆ.

* ಕಾರಣ ತಿಳಿಯದೆ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ಏರಿಸುವ ಮುನ್ನ ‘ಸೋಡಿಯಂ ನೋಡಿದ್ದೀರಾ?’ ಎಂದು ಕೇಳುವ ಹಕ್ಕು ನಿಮಗಿದೆ.

* ಅತಿ ಬಾಯಾರಿಕೆ, ಮಲಬದ್ಧತೆ ಇದ್ದು ಸಕ್ಕರೆ ಸರಿಯಿದ್ದರೆ ಕ್ಯಾಲ್ಸಿಯಂ ಪರೀಕ್ಷಿಸಲು ಕೇಳಿ.

* ನೀರು ಹೆಚ್ಚಿಸುವುದು, ಕಡಿಮೆ ಮಾಡುವುದು, ಉಪ್ಪು, ಕ್ಯಾಲ್ಸಿಯಂ ಮಾತ್ರೆ ಕೊಡುವುದು ಯಾವುದನ್ನೂ ಊಹೆಯಿಂದ ಮಾಡಬೇಡಿ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ವಿಷ.

* ಫಿಟ್ಸ್, ಎಚ್ಚರ ತಪ್ಪುವುದು, ಎಬ್ಬಿಸಿದರೂ ಏಳದಂಥ ನಿದ್ದೆ ಇದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಎರಡು ವಾರ ಮೀರಿದ ಕೆಮ್ಮಿಗೆ ಪರೀಕ್ಷೆ ಮಾಡಿಸಬೇಕೆಂದು ನಾವೆಲ್ಲ ಕಲಿತಿದ್ದೇವೆ. ಕೆಮ್ಮುವ ಅಜ್ಜ ಇದ್ದಕ್ಕಿದ್ದಂತೆ ಮಾತು ತಪ್ಪಿದರೆ, ಕಾಲು ಸೋತರೆ, ನೀರಿಗಾಗಿ ಹಾತೊರೆದರೆ ಅದನ್ನೂ ಎದೆಯ ಕೂಗು ಇರಬಹುದೆಂದು ಕೇಳಿಸಿಕೊಳ್ಳುವುದನ್ನು ಇನ್ನು ಕಲಿಯಬೇಕಾಗಿದೆ.